ಕೊಳ್ಳುವವನ ಹೊಣೆ

ಬೆಳಗಿನ ಜಾವದಲ್ಲೆದ್ದು, ಮನೆಯ ಅಡುಗೆ ಮುಗಿಸಿ, ಬುತ್ತಿ ಕಟ್ಟಿಕೊಂಡು ‘ಗಾರ್ಮೆಂಟ್ಸಿಗೆ’ ಹೊರಡುವ ಹೆಣ್ಣುಮಕ್ಕಳು ಹಾಸನ ಜಿಲ್ಲೆಯ ಕಟ್ಟಾಯ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಇಂದು ಅಪರೂಪದವರಲ್ಲ. ಹಿಂದೆ ಈ ಕೆಲಸಕ್ಕಾಗಿ ಊರು ಬಿಟ್ಟು ಬೆಂಗಳೂರಿನ ಪೀಣ್ಯವನ್ನೋ ಮೈಸೂರು ರಸ್ತೆಯನ್ನೋ ಸೇರಬೇಕಾಗಿದ್ದಿತು. ಈಗ ಹಾಸನದ ವಿಶೇಷ ಆರ್ಥಿಕ ವಲಯದಲ್ಲಿಯೇ ಕಡಲಾಚೆಯ ಮನೆಗಳ ಹಾಸುಬಟ್ಟೆಗಳು ಸಿದ್ಧವಾಗುತ್ತವೆ. ಉದ್ಯಮವು ಜಿಲ್ಲೆಗಳತ್ತ ತಿರುಗಿದುದಕ್ಕೆ ಕಾರಣಗಳು ಹಲವಾದರೂ, ರಾಜಧಾನಿಗಿಂತ ಹೊರಗಿನ ವಲಯಗಳಲ್ಲಿ ಕನಿಷ್ಠ ವೇತನದ ದರ ಕಡಿಮೆಯೆಂಬುದು ಅವುಗಳಲ್ಲೊಂದು. ವಿದೇಶದ ವರ್ತಕನು ಅಗ್ಗದ ದೇಶವನ್ನು ಅರಸುತ್ತಾನೆ, ಇಲ್ಲಿಯ ಉದ್ಯಮಿಯು ಅಗ್ಗದ ಜಿಲ್ಲೆಯನ್ನು ಅರಸುತ್ತಾನೆ.

ಇಷ್ಟರಿಂದಲೇ ಈ ವ್ಯಾಪಾರವೆಲ್ಲ ಅಧರ್ಮವೆಂದು ತೀರ್ಪು ಕೊಡುವುದು ಉಚಿತವಲ್ಲ. ಮಳೆಯನ್ನೂ ಸುಗ್ಗಿಯನ್ನೂ ನಂಬಿದ ಕೂಲಿಯ ಬದಲಿಗೆ ತಿಂಗಳ ಸಂಬಳ, ತನ್ನ ಹೆಸರಿನ ಬ್ಯಾಂಕ್ ಖಾತೆ, ಪಿ.ಎಫ್., ಇ.ಎಸ್.ಐ. ಇವು ಹಳ್ಳಿಯ ಹೆಣ್ಣಿಗೆ ದೊರೆತದ್ದು ಸಣ್ಣ ಸಂಗತಿಯಲ್ಲ. ಆ ಸಂಬಳವನ್ನು ನಿಜವಾಗಿ ನಿರ್ಧರಿಸುವವರು ಯಾರು ಎಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಒಂದು ಅಂಗಿಯನ್ನೇ ನೋಡೋಣ. ಒಬ್ಬಳು ಕಾಲರನ್ನು ಹೊಲಿದರೆ ಇನ್ನೊಬ್ಬಳು ತೋಳು ಕೂಡಿಸುತ್ತಾಳೆ, ಮತ್ತೊಬ್ಬಳು ಗುಂಡಿ ಹಾಕುತ್ತಾಳೆ. ಗಂಟೆಗೆ ಇಷ್ಟು ಪೀಸೆಂಬ ಟಾರ್ಗೆಟ್ಟು ಸಾಲಿನ ತಲೆಯ ಮೇಲೆ ಸದಾ ನಿಂತಿರುತ್ತದೆ. ಆ ಅಂಗಿಯ ಬೆಲೆಯನ್ನೂ ಹಡಗಿಗೇರಿಸುವ ದಿನವನ್ನೂ ಗೊತ್ತುಮಾಡುವವನು ವಿದೇಶದ ಖರೀದಿದಾರ. ಬಟ್ಟೆ, ನೂಲು, ವಿದ್ಯುತ್ತುಗಳ ದರವನ್ನು ಇಳಿಸುವುದು ಕಾರ್ಖಾನೆಯ ಕೈಯಲ್ಲಿಲ್ಲವಾದಕಾರಣ, ಬೆಲೆ ಹಿಂಡಿದಾಗ ಹಿಂಡಿಹೋಗುವುದು ದುಡಿಯುವವಳ ಕೂಲಿ ಮತ್ತು ಅವಳ ಬಿಡುವು.

ಈ ಮಾತಿಗೆ ನಮ್ಮ ರಾಜ್ಯದಲ್ಲಿಯೇ ಸಾಕ್ಷ್ಯವುಂಟು. 2020ರ ಏಪ್ರಿಲ್‌ನಿಂದ ಕನಿಷ್ಠ ವೇತನಕ್ಕೆ ಸೇರಬೇಕಾಗಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ. ಇಪ್ಪತ್ತಾರು ದಿನಗಳಿಗೆ ಹಂಚಿದರೆ ದಿನಕ್ಕೆ ಹದಿನಾರು ರೂಪಾಯಿ. ಸರ್ಕಾರವು ಅದನ್ನು ಮುಂದೂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ಕೊಡತಕ್ಕದ್ದೆಂದು ಹೇಳಿತು. ಆದರೂ ಅನೇಕ ಕಾರ್ಖಾನೆಗಳು ವರ್ಷಕ್ಕೂ ಮಿಕ್ಕಿ ಕೊಡದೆ ಉಳಿದುವು. ಕಾರ್ಮಿಕ ಸಂಘಟನೆಗಳು ವಿದೇಶಿ ಬ್ರ್ಯಾಂಡುಗಳನ್ನೇ ನೇರವಾಗಿ ಪ್ರಶ್ನಿಸತೊಡಗಿದ ಮೇಲೆ, 2021ರ ಕೊನೆಯ ಹೊತ್ತಿಗೆ, ದೊಡ್ಡ ರಫ್ತುದಾರರು ಬಾಕಿ ತೀರಿಸಲು ಒಪ್ಪಿದರು. 2020ರ ಜೂನಿನಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯೊಂದು ಬಾಗಿಲು ಹಾಕಿ, ಸಾವಿರಕ್ಕೂ ಹೆಚ್ಚು ಮಂದಿ, ಬಹುಪಾಲು ಹೆಂಗಸರು, ಧರಣಿ ಕೂತಾಗಲೂ ಅವರು ಹೊಲಿಯುತ್ತಿದ್ದ ಬ್ರ್ಯಾಂಡಿನ ಹೆಸರು ಲೋಕದ ಮುಂದೆ ಬಂದಿತು. ಮರುವರ್ಷದ ಆದಿಯಲ್ಲಿ ಮರುನೇಮಕದ ಒಪ್ಪಂದವಾಯಿತು.

ನ್ಯಾಯಾಲಯದ ಮಾತಿಗೆ ಕದಲದ ಹಣವು ಗಿರಾಕಿಯನ್ನು ಪ್ರಶ್ನಿಸಿದಾಗ ಕದಲಿತೆಂದರೆ, ಅಧಿಕಾರವು ಎಲ್ಲಿ ನೆಲಸಿದೆಯೆಂಬುದು ಸ್ಪಷ್ಟ. ಅಧಿಕಾರವಿದ್ದಲ್ಲಿ ಹೊಣೆಯೂ ಇರಲೇಬೇಕು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕುಸಿದು ಸಾವಿರದ ನೂರಕ್ಕೂ ಹೆಚ್ಚು ಜನ ಮಡಿದ ಮೇಲೆ ಯೂರೋಪು ಈ ಪಾಠವನ್ನು ಕಲಿಯತೊಡಗಿತು. ಸರಬರಾಜುದಾರರ ಬಳಿ ನಡೆಯುವ ಅನ್ಯಾಯಕ್ಕೆ ಕೊಳ್ಳುವ ಸಂಸ್ಥೆಯನ್ನೂ ಉತ್ತರವಾದಿಯಾಗಿಸುವ ಜರ್ಮನಿಯ ಕಾನೂನು 2023ರಲ್ಲಿ ಜಾರಿಗೆ ಬಂದಿತು.

ಆದಕಾರಣ, ಅಗ್ಗದ ಕೂಲಿಯ ನಾಡನ್ನು ಬಹಿಷ್ಕರಿಸಿ ಹೊರಟುಹೋಗುವುದು ಧರ್ಮವಲ್ಲ. ಅದರಿಂದ ಮೊದಲು ಕೆಲಸ ಕಳೆದುಕೊಳ್ಳುವವಳು ನಮ್ಮ ಹಳ್ಳಿಯ ಮಗಳೇ. ಬದುಕಲು ಸಾಲುವ ಕೂಲಿಯನ್ನು ಬೆಲೆಯೊಳಗೇ ಎಣಿಸುವುದು, ಮನುಷ್ಯರು ಹೊಲಿಯಬಲ್ಲಷ್ಟು ಗಡುವು ಕೊಡುವುದು, ಕಷ್ಟಕಾಲದಲ್ಲಿ ಆರ್ಡರನ್ನು ರದ್ದುಮಾಡಿ ಓಡದಿರುವುದು, ಸಂಘ ಕಟ್ಟುವ ಹಕ್ಕನ್ನು ಒಪ್ಪಂದದಲ್ಲಿಯೇ ಬರೆಯುವುದು: ಇವಿಷ್ಟೇ ಖರೀದಿದಾರನ ಧರ್ಮ. ದಿನಕ್ಕೆ ಹದಿನಾರು ರೂಪಾಯಿಯನ್ನು ತಾಳಲಾರದ ಬೆಲೆಯು ಅಗ್ಗದ ಬೆಲೆಯಲ್ಲ, ಬಡವಳಿಂದ ಕೇಳದೆ ಪಡೆದ ಸಾಲ. ಅದನ್ನು ತೀರಿಸಬೇಕಾದವನು ಅದರ ಲಾಭವನ್ನುಂಡವನೇ.