ಹಾರ್ಡ್ ಡಿಸ್ಕ್ ಟಕಟಕ ಎಂದಾಗ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಅಶೋಕನ ಶಾಸನ, ಎರಡು ಸಾವಿರ ವರ್ಷ ದಾಟಿದ್ದರೂ ಓದಲು ಬಂತು. ನಿಮ್ಮ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಅಷ್ಟು ಆಯುಸ್ಸಿಲ್ಲ. ಅದರಲ್ಲಿ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ಓದುವ ಹೆಡ್ ತೇಲುತ್ತಿರುತ್ತದೆ. ಧೂಳಿನ ಕಣ ಈ ಅಂತರಕ್ಕಿಂತ ಎಷ್ಟೋ ದೊಡ್ಡದು. ಆದ್ದರಿಂದ ಡಿಸ್ಕನ್ನು ಬಿಚ್ಚಬೇಡಿ.

ಡಿಸ್ಕ್ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಟಕಟಕ ಸದ್ದು ಬಂದರೆ ಕೂಡಲೇ ಸಂಪರ್ಕ ತೆಗೆಯಿರಿ. ಹೆಡ್ ತಟ್ಟೆಯನ್ನು ಕೆರೆದ ಜಾಗದ ಮಾಹಿತಿ ಮರಳಿ ಸಿಗದು. ಮುಂದಿನದು ತಜ್ಞರ ಕೆಲಸ.

ಸದ್ದಿಲ್ಲದೆ ನಿಧಾನವಾಗಿದ್ದರೆ ಫಾರ್ಮ್ಯಾಟ್ ಮಾಡಬೇಡಿ. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕನ್ನು ಬೇರೊಂದು ಡಿಸ್ಕಿಗೆ ನಕಲಿಸಿ. ಅದು ಸರಾಗವಾಗಿ ಓದಲು ಬರುವ ಭಾಗಗಳನ್ನು ಮೊದಲು ತೆಗೆದುಕೊಂಡು, ಹಾಳಾದವನ್ನು ಕೊನೆಗೆ ಪ್ರಯತ್ನಿಸುತ್ತದೆ. ಕಡತಗಳನ್ನು ಆ ನಕಲಿನಲ್ಲೇ ಹುಡುಕಿ.

ಸಿಕ್ಕಿದ್ದನ್ನು ಎರಡು ಕಡೆ ಉಳಿಸಿಡಿ. ಅಶೋಕನೂ ಆ ಶಾಸನವನ್ನು ಕೊಪ್ಪಳವೂ ಸೇರಿ ಹಲವೆಡೆ ಕೆತ್ತಿಸಿದ್ದ.