ಟೂಲ್ ತಾನೇ ಬದಲಾಗುವ ಪುಟ್ಟ ಲೇತ್

ಬೆಳ್ತಂಗಡಿ ಕಡೆಯ ತೋಟದಲ್ಲಿ ಅಡಿಕೆ ಸುಲಿಯುವ ಯಂತ್ರದ ಬುಶ್ ಸವೆದರೆ ಲೇತ್ ಬೇಕು. ಬಂಟ್ವಾಳದ ಬೆಂಜನಪದವು, ಬೆಳ್ತಂಗಡಿಯ ಉಜಿರೆ, ಮೂಡುಬಿದಿರೆಯ ಮಿಜಾರು, ಮೂರೂ ಕಡೆ ಇಂಜಿನಿಯರಿಂಗ್ ಕಾಲೇಜುಗಳಿವೆ. ಇಲ್ಲಿನ ಮಕ್ಕಳು ಮನೆಯಲ್ಲೇ ಸಣ್ಣ ಸಿಎನ್‌ಸಿ ಲೇತ್ ಕಟ್ಟಲಿ ಅನ್ನೋದು ನನ್ನ ಆಸೆ. ಅದಕ್ಕೆ ನಾಲ್ಕು ಟೂಲ್ ಹಿಡಿಯುವ ಟರೆಟ್ ಕೂರಿಸಿದ್ದೀರಿ ಅಂದುಕೊಳ್ಳಿ.

ಟೂಲ್ ಬದಲಿಸುವ ಪ್ರೋಗ್ರಾಮ್‌ನಲ್ಲಿ ಮೊದಲು ಟರೆಟ್ಟನ್ನು ಜಾಬ್‌ನಿಂದ ದೂರ ಸರಿಸಿ. ಇಲ್ಲದಿದ್ದರೆ ತಿರುಗುವ ಟೂಲ್ ಚಕ್‌ಗೆ ಬಡಿಯಬಹುದು.

ಟೂಲ್ ಆರಿಸಲು ಈ ಟರೆಟ್ ತಿರುಗುವುದು ಒಂದೇ ದಿಕ್ಕಿಗೆ. ಈಗಿರುವುದು 3ನೇ ಟೂಲ್, ಬೇಕಾದದ್ದು 1. ಒಂದರಿಂದ ಮೂರು ಕಳೆದರೆ ಮೈನಸ್ 2. ಉತ್ತರ ಮೈನಸ್ ಬಂದದ್ದರಿಂದ ಒಟ್ಟು ಟೂಲ್‌ಗಳ ಸಂಖ್ಯೆ 4 ಕೂಡಿಸಿ: 2 ಹೆಜ್ಜೆ, ಅಂದರೆ 180 ಡಿಗ್ರಿ.

ಅಲ್ಲೇ ನಿಲ್ಲಿಸಬೇಡಿ! ಸ್ವಲ್ಪ ದಾಟಿ ಹೋಗಿ, ಹಿಂದಕ್ಕೆ ತಿರುಗಿ, ಒಳಗಿನ ತಡೆಗೆ ಒತ್ತಿ ನಿಲ್ಲಬೇಕು. ಕಟ್ ಹೊಡೆಯುವಾಗ ಟೂಲ್ ಅಲುಗದಿರುವುದು ಈ ಒತ್ತಡದಿಂದಲೇ. ಇಡೀ ಕೋಡ್‌ನಲ್ಲಿ ಹೆಚ್ಚು ಗಮನ ಬೇಡುವ ಸಾಲು ಇದು.

ಆಮೇಲೆ ಸೆನ್ಸರನ್ನು ಕೇಳಿ: ಸರಿಯಾದ ಟೂಲ್ ಬಂದಿದೆಯಾ? ನಿಗದಿತ ಸಮಯದಲ್ಲಿ ಉತ್ತರ ಬರದಿದ್ದರೆ ಯಂತ್ರ ನಿಲ್ಲಲೇಬೇಕು. ನಮ್ಮೂರ ಮಳೆಗಾಲದಲ್ಲಿ ಕನೆಕ್ಟರ್ ಕಿಲುಬು ಹಿಡಿಯುತ್ತದೆ, ಹಾಗಾಗಿ ಇದನ್ನು ಬಿಡಲೇಬೇಡಿ.

ಯಂತ್ರ ನಡೆಸುವ ಲಿನಕ್ಸ್‌ಸಿಎನ್‌ಸಿ ತಂತ್ರಾಂಶದಲ್ಲಾದರೆ ಇಷ್ಟನ್ನೂ ಟೂಲ್ ಬದಲಿಸುವ ಆದೇಶವಾದ ಎಂ6ಗೆ ರೀಮ್ಯಾಪ್ ಮಾಡಬಹುದು. ಮುಂದೆ ಟಿ1 ಎಂ6 ಜಿ43 ಅಂತ ಬರೆದರೆ ಟೂಲ್ ಬರುತ್ತದೆ, ಅದರ ಆಫ್‌ಸೆಟ್ಟೂ ಸೇರಿಕೊಳ್ಳುತ್ತದೆ.