ಜಾಲತಾಣಕ್ಕೆ ಬರುವವರನ್ನು ಅರಿಯುವ ಬಗೆ

ಅಂಗಡಿಯವನಿಗೆ ಗಿರಾಕಿಯ ಮುಖ ಕಾಣುತ್ತದೆ. ಕಚೇರಿಯ ಕಿಂಡಿಯಲ್ಲಿ ಕುಳಿತ ಗುಮಾಸ್ತನಿಗೆ ಅರ್ಜಿಯ ಯಾವ ಅಂಕಣದಲ್ಲಿ ಜನ ತಡವರಿಸುತ್ತಾರೆಂಬುದು ಕೆಲವೇ ದಿನಗಳ ಅನುಭವದಿಂದ ತಿಳಿಯುತ್ತದೆ. ಜಾಲತಾಣವನ್ನು ನಡೆಸುವವರಿಗೆ ಈ ಅನುಕೂಲವಿಲ್ಲ. ಬಂದವರೂ ಅವರ ಕಣ್ಣಿಗೆ ಬೀಳುವುದಿಲ್ಲ, ಬೇಸತ್ತು ಹಿಂತಿರುಗಿದವರೂ ಬೀಳುವುದಿಲ್ಲ. ಉಳಿಯುವುದು ಯಂತ್ರವು ಬರೆದಿಟ್ಟ ದಾಖಲೆ ಮಾತ್ರ. ಜನರು ಏನನ್ನು ಅರಸಿ ಬಂದರು, ಅದು ಅವರಿಗೆ ದೊರೆಯಿತೇ, ಎಲ್ಲಿ ಎಡವಿದರು ಎಂಬುದನ್ನು ಆ ದಾಖಲೆಯ ನೆರವಿನಿಂದ ಅರಿಯುವ ಕ್ರಮಕ್ಕೆ ಜಾಲತಾಣ ವಿಶ್ಲೇಷಣೆ ಎಂದು ಹೆಸರು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ಲಭ್ಯವಾದುದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅಂದು ಕುತೂಹಲದ ವಸ್ತುವಾಗಿದ್ದ ಜಾಲತಾಣವು ಇಂದು ಪಾಸ್‌ಪೋರ್ಟ್, ರೈಲ್ವೆ ಟಿಕೆಟ್, ತೆರಿಗೆ, ವಿದ್ಯಾರ್ಥಿವೇತನ ಮೊದಲಾದ ಸೇವೆಗಳ ಹೆಬ್ಬಾಗಿಲಾಗಿದೆ. ಆದುದರಿಂದ ಪುಟವೊಂದು ಅರ್ಥವಾಗದೆ ಹಿಂತಿರುಗಿದ ಪ್ರಜೆಗೆ ಆಗುವ ನಷ್ಟ ಸಣ್ಣದಲ್ಲ. ಈ ವಿಶ್ಲೇಷಣೆಯ ಪ್ರಾಮುಖ್ಯವಿರುವುದು ಇಲ್ಲಿಯೇ.

ದಾಖಲೆ ಹುಟ್ಟುವ ಬಗೆ

ದಾಖಲೆಗೆ ಮುಖ್ಯವಾಗಿ ಎರಡು ಮೂಲಗಳುಂಟು. ಮೊದಲನೆಯದು ಸರ್ವರ್‌ನ ದಿನಚರಿ. ಯಾರಾದರೂ ಪುಟವನ್ನು ಕೋರಿದಾಗ ಕೋರಿಕೆ ಬಂದ ಯಂತ್ರದ ಐ.ಪಿ. ವಿಳಾಸ, ಸಮಯ, ಕೋರಿದ ಪುಟದ ಹೆಸರು, ಕೋರಿಕೆಯ ಫಲಿತಾಂಶ ಇವು ಸರ್ವರ್‌ನ ಕಡತದಲ್ಲಿ ಒಂದು ಸಾಲಾಗಿ ದಾಖಲಾಗುತ್ತವೆ. ಎರಡನೆಯದು ಪುಟದೊಳಗೆ ಸೇರಿಸಿದ ಒಂದು ಪುಟ್ಟ ಜಾವಾಸ್ಕ್ರಿಪ್ಟ್ ಆದೇಶ. ಓದುಗನ ಯಂತ್ರದಲ್ಲಿ ಪುಟ ತೆರೆದುಕೊಂಡಾಗ ಅದು ಎಣಿಕೆಯ ಕೇಂದ್ರಕ್ಕೆ ಸುದ್ದಿ ಕಳುಹಿಸುತ್ತದೆ. 2005ರಲ್ಲಿ ಆರಂಭವಾದ ಗೂಗಲ್ ಅನಲಿಟಿಕ್ಸ್ ಈ ಎರಡನೆಯ ಬಗೆಯದು. ಒಮ್ಮೆ ಬಂದವರು ಮತ್ತೆ ಬಂದಾಗ ಗುರುತು ಹಿಡಿಯಲು ಕುಕಿ ಎಂಬ ಗುರುತುಚೀಟಿಯನ್ನು ಓದುಗನ ಬ್ರೌಸರ್‌ನಲ್ಲಿಯೇ ಇರಿಸುವ ಪದ್ಧತಿಯು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಜನ್ಮತಾಳಿತು.

ಅಂಕಿಗಳ ಅರ್ಥ

ಇಂತಹ ದಾಖಲೆಯಿಂದ ದೊರೆಯುವ ಅಂಕಿಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ. ಆರಂಭದ ವರ್ಷಗಳಲ್ಲಿ ಜಾಲತಾಣಗಳು 'ಹಿಟ್' ಸಂಖ್ಯೆಯನ್ನು ಹೆಮ್ಮೆಯಿಂದ ಸಾರುತ್ತಿದ್ದವು. ಆದರೆ ಹತ್ತು ಚಿತ್ರಗಳಿರುವ ಪುಟವನ್ನು ಒಬ್ಬನು ಒಮ್ಮೆ ತೆರೆದರೆ ಪುಟಕ್ಕೆ ಒಂದು, ಚಿತ್ರಗಳಿಗೆ ಹತ್ತು, ಒಟ್ಟು ಹನ್ನೊಂದು ಹಿಟ್‌ಗಳಾಗುತ್ತವೆ. ಬಂದವನು ಮಾತ್ರ ಒಬ್ಬನೇ.

'ಸಂದರ್ಶಕರ ಸಂಖ್ಯೆ' ಎಂಬುದೂ ಜನರ ಎಣಿಕೆಯಲ್ಲ, ಬ್ರೌಸರ್‌ಗಳ ಎಣಿಕೆ. ಮನೆಮಂದಿಯೆಲ್ಲ ಬಳಸುವ ಒಂದು ಮೊಬೈಲ್ ಫೋನ್ ಒಬ್ಬ ಸಂದರ್ಶಕನಾಗಿ ಕಾಣಬಹುದು. ಮನೆಯಲ್ಲಿ ಫೋನನ್ನೂ ಕಚೇರಿಯಲ್ಲಿ ಕಂಪ್ಯೂಟರನ್ನೂ ಬಳಸುವ ಒಬ್ಬನೇ ವ್ಯಕ್ತಿ ಇಬ್ಬರಾಗಿ ಕಾಣಬಹುದು. ಒಂದೇ ಪುಟವನ್ನು ನೋಡಿ ಹೊರಟುಹೋದವರ ಪ್ರಮಾಣ ಹೆಚ್ಚಾದರೆ ಅದು ಸೋಲೆಂದು ಭಾವಿಸುವುದುಂಟು. ಆದರೆ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಹುಡುಕಿ ಬಂದವನಿಗೆ ಅದು ಮೊದಲ ಪುಟದಲ್ಲಿಯೇ ದೊರೆತರೆ ಅವನು ಹೊರಡುವುದು ಸಹಜ. ಅದು ಜಾಲತಾಣದ ಗೆಲುವೇ ಸರಿ. ಹೀಗಾಗಿ ಪುಟದ ಉದ್ದೇಶವೇನೆಂದು ಮೊದಲು ನಿಶ್ಚಯಿಸಿಕೊಂಡು, ಅನಂತರ ಅಂಕಿಯನ್ನು ನೋಡುವುದು ಸರಿಯಾದ ಕ್ರಮ.

ಎಡವುವ ಸ್ಥಳ

ಹಲವು ಹಂತಗಳಿರುವ ಅರ್ಜಿಯಲ್ಲಿ ಈ ವಿಶ್ಲೇಷಣೆಯ ಪ್ರಯೋಜನ ಸ್ಪಷ್ಟವಾಗಿ ಕಾಣುತ್ತದೆ. ಒಂದು ಊಹೆಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ವಿದ್ಯಾರ್ಥಿವೇತನದ ಅರ್ಜಿಯನ್ನು 1,000 ಮಂದಿ ತೆರೆಯುತ್ತಾರೆ. ಹೆಸರು, ವಿಳಾಸದ ಹಂತವನ್ನು 920 ಮಂದಿ ದಾಟುತ್ತಾರೆ. ಶಾಲೆಯ ವಿವರದ ಹಂತವನ್ನು 870 ಮಂದಿ ದಾಟುತ್ತಾರೆ. ಭಾವಚಿತ್ರವನ್ನು ಸೇರಿಸುವ ಹಂತವನ್ನು ಮಾತ್ರ 390 ಮಂದಿ ದಾಟುತ್ತಾರೆ. ಒಟ್ಟು ಸಂದರ್ಶಕರ ಸಂಖ್ಯೆಯನ್ನಷ್ಟೇ ನೋಡುವವರಿಗೆ ಇದು ಜನಪ್ರಿಯ ಪುಟ. ಹಂತಹಂತವಾಗಿ ನೋಡುವವರಿಗೆ ಅರ್ಧಕ್ಕಿಂತ ಹೆಚ್ಚು ಜನರು ಒಂದೇ ಹೊಸ್ತಿಲಲ್ಲಿ ಎಡವಿರುವುದು ತಿಳಿಯುತ್ತದೆ.

ಆದರೆ ಎಡವಿದ ಕಾರಣವನ್ನು ಅಂಕಿಯು ಹೇಳಲಾರದು. ಫೋನಿನಲ್ಲಿ ತೆಗೆದ ಚಿತ್ರವು ನಿಗದಿತ ಗಾತ್ರವನ್ನು ಮೀರಿರಬಹುದು. ಸೂಚನೆಯ ಭಾಷೆ ತಿಳಿಯದೆ ಹೋಗಿರಬಹುದು. ಸಂಪರ್ಕವು ಮಧ್ಯದಲ್ಲಿ ಕಡಿದುಹೋಗಿರಬಹುದು. ನಾಲ್ಕಾರು ಮಂದಿಯನ್ನು ಕೂರಿಸಿ, ಅವರು ಅರ್ಜಿ ತುಂಬುವುದನ್ನು ಪಕ್ಕದಲ್ಲಿದ್ದು ನೋಡಿದರೆ ಇದು ಬೆಳಕಿಗೆ ಬರುತ್ತದೆ. ಅಂಕಿಅಂಶವು ಎಲ್ಲಿ ನೋಡಬೇಕೆಂಬುದನ್ನು ತೋರಿಸುತ್ತದೆ. ಏಕೆಂಬುದನ್ನು ಜನರಿಂದಲೇ ಅರಿಯಬೇಕು.

ಎಣಿಕೆಗೆ ಸಿಗದವರು

ಪುಟವೇ ತೆರೆದುಕೊಳ್ಳದಿದ್ದರೆ ಬಂದವನು ಜಾವಾಸ್ಕ್ರಿಪ್ಟ್ ಎಣಿಕೆಗೂ ಸಿಗುವುದಿಲ್ಲ. ಇದು ಈ ವಿಧಾನದ ದೊಡ್ಡ ಕೊರತೆ. ಬ್ರಿಟನ್ ಸರ್ಕಾರದ ಡಿಜಿಟಲ್ ಸೇವಾ ವಿಭಾಗವು 2013ರಲ್ಲಿ ತನ್ನ ಜಾಲತಾಣದಲ್ಲಿ ಇದನ್ನು ಪರೀಕ್ಷಿಸಿತು. ಬಂದವರಲ್ಲಿ ಶೇಕಡಾ 1.1ರಷ್ಟು ಮಂದಿಯ ಯಂತ್ರಗಳಲ್ಲಿ ಜಾವಾಸ್ಕ್ರಿಪ್ಟ್ ಕೆಲಸಮಾಡಿರಲಿಲ್ಲ. ಅದನ್ನು ತಾವಾಗಿಯೇ ಸ್ಥಗಿತಗೊಳಿಸಿದ್ದವರು ಅಥವಾ ಆ ಸೌಲಭ್ಯವಿಲ್ಲದ ಬ್ರೌಸರ್ ಬಳಸುತ್ತಿದ್ದವರು ಕೇವಲ ಶೇಕಡಾ 0.2. ಉಳಿದವರಿಗೆ ಸಂಪರ್ಕದ ತೊಡಕು ಮೊದಲಾದ ಅನ್ಯ ಕಾರಣಗಳಿಂದ ಅದು ತಲುಪಿರಲಿಲ್ಲ.

ಯೂಟ್ಯೂಬ್‌ನ ಪ್ರಸಂಗವು ಇನ್ನೂ ಬೋಧಪ್ರದವಾದುದು. ಅಲ್ಲಿ ಇಂಜಿನಿಯರಾಗಿದ್ದ ಕ್ರಿಸ್ ಜಕಾರಿಯಸ್ ಅದನ್ನು 2012ರಲ್ಲಿ ವಿವರಿಸಿದರು. ಸುಮಾರು 1.2 ಮೆಗಾಬೈಟ್ ತೂಗುತ್ತಿದ್ದ ವಿಡಿಯೋ ಪುಟವನ್ನು ಅವರು 100 ಕಿಲೋಬೈಟ್‌ಗಿಂತ ಕಡಿಮೆಗೆ ಇಳಿಸಿದರು. ಪುಟ ತೆರೆಯಲು ಬೇಕಾಗುವ ಸರಾಸರಿ ಸಮಯ ತಗ್ಗಬೇಕಿತ್ತು. ಆದರೆ ಅದು ಏರಿತು. ಸಂದರ್ಶಕರನ್ನು ಪ್ರದೇಶವಾರು ವಿಂಗಡಿಸಿದಾಗ ಕಾರಣ ತಿಳಿಯಿತು. ಆಗ್ನೇಯ ಏಷ್ಯಾ, ದಕ್ಷಿಣ ಅಮೆರಿಕ, ಆಫ್ರಿಕಾ ಮುಂತಾದ ಕಡೆ ನಿಧಾನಗತಿಯ ಸಂಪರ್ಕವಿದ್ದವರಿಗೆ ಹಳೆಯ ಪುಟ ತೆರೆಯಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಆದುದರಿಂದ ಅವರು ಬರುತ್ತಲೇ ಇರಲಿಲ್ಲ. ಹೊಸ ಪುಟ ಎರಡು ನಿಮಿಷಕ್ಕೆ ತೆರೆಯತೊಡಗಿದಾಗ ಅವರು ಬಂದರು, ಸರಾಸರಿಯೂ ಏರಿತು. ಸರಾಸರಿಯನ್ನು ಮಾತ್ರ ನೋಡಿದ್ದರೆ ಜನೋಪಯೋಗಿಯಾದ ಸುಧಾರಣೆಯೊಂದು ವಿಫಲವೆಂದು ತಳ್ಳಿಹಾಕಲ್ಪಡುತ್ತಿತ್ತು.

ಭಾಷೆಯ ವಿಷಯದಲ್ಲಿಯೂ ಇಂತಹ ಮರೆವು ಸಂಭವಿಸಬಹುದು. ಓದುಗನ ಭಾಷೆಯನ್ನು ವಿಶ್ಲೇಷಣೆಯು ಸಾಮಾನ್ಯವಾಗಿ ಬ್ರೌಸರ್‌ನ ಭಾಷಾ ಆಯ್ಕೆಯಿಂದಲೂ ಊರನ್ನು ಐ.ಪಿ. ವಿಳಾಸದಿಂದಲೂ ಅಂದಾಜುಮಾಡುತ್ತದೆ. ಫೋನನ್ನು ಇಂಗ್ಲಿಷಿನಲ್ಲಿಯೇ ಇರಿಸಿಕೊಂಡ ಪುಣೆಯ ಅಥವಾ ಚೆನ್ನೈನ ಕನ್ನಡಿಗನು ಈ ಲೆಕ್ಕದಲ್ಲಿ ಇಂಗ್ಲಿಷ್ ಓದುಗನಾಗಿಯೇ ಉಳಿಯುತ್ತಾನೆ. ಜಾಲತಾಣದಲ್ಲಿ ಕನ್ನಡ ಪುಟವೇ ಇಲ್ಲದಿದ್ದರಂತೂ ಅದನ್ನು ಬಯಸುವವರ ಸಂಖ್ಯೆ ದಾಖಲೆಯಲ್ಲಿ ಮೂಡುವ ದಾರಿಯೇ ಇಲ್ಲ. ಓದುಗರಿಲ್ಲವೆಂದು ಪುಟವನ್ನು ರಚಿಸದಿರುವುದು, ಪುಟವಿಲ್ಲದುದರಿಂದ ಓದುಗರು ಕಾಣದಿರುವುದು ಒಂದೇ ಸುತ್ತಿನ ಎರಡು ತುದಿಗಳು. ಜಾಲತಾಣದ ಹುಡುಕಾಟದ ಪೆಟ್ಟಿಗೆಯಲ್ಲಿ ಜನರು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯ ಕನ್ನಡದಲ್ಲಿಯೂ ಟೈಪ್ ಮಾಡಿದ ಪದಗಳನ್ನು ಪರಿಶೀಲಿಸಿದರೆ ಈ ಬೇಡಿಕೆಯ ಸುಳಿವು ಸ್ವಲ್ಪಮಟ್ಟಿಗೆ ದೊರೆಯುತ್ತದೆ.

ಖಾಸಗಿತನದ ರಕ್ಷಣೆ

ಜನರನ್ನು ಅರಿಯುವ ಹೆಸರಿನಲ್ಲಿ ಅವರ ಬೆನ್ನುಹತ್ತುವುದು ಸಲ್ಲದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆಯ ಆಧಾರದ ಮೇಲೆ ಸಂಗ್ರಹಿಸುವ ಮಾಹಿತಿಯನ್ನು ಹೇಳಿದ ಉದ್ದೇಶಕ್ಕೆ ಬೇಕಾದಷ್ಟಕ್ಕೆ ಸೀಮಿತಗೊಳಿಸುತ್ತದೆ. ಹದಿನೆಂಟು ವರ್ಷ ತುಂಬದವರ ವರ್ತನೆಯ ಮೇಲೆ ನಿಗಾ ಇಡುವುದನ್ನು, ಕೆಲವು ವಿನಾಯಿತಿಗಳಿಗೆ ಒಳಪಟ್ಟು, ನಿಷೇಧಿಸುತ್ತದೆ.

ಯಾವ ಹಂತದಲ್ಲಿ ಎಷ್ಟು ಮಂದಿ ನಿಂತರೆಂದು ತಿಳಿಯಲು ನಿಂತವರ ಹೆಸರು ಬೇಕಾಗಿಲ್ಲ. ಐ.ಪಿ. ವಿಳಾಸದ ಕೊನೆಯ ಭಾಗವನ್ನು ಅಳಿಸುವುದು, ದಾಖಲೆಯನ್ನು ನಿಗದಿತ ಅವಧಿಯ ಬಳಿಕ ನಾಶಪಡಿಸುವುದು, ಪುಟದ ವಿಳಾಸದಲ್ಲಿ ಅರ್ಜಿದಾರರ ಗುರುತಿನ ಸಂಖ್ಯೆ ಕಾಣಿಸದಂತೆ ಎಚ್ಚರವಹಿಸುವುದು ಪಾಲಿಸಬಹುದಾದ ಕ್ರಮಗಳು. 2007ರಲ್ಲಿ ಪಿವಿಕ್ ಎಂಬ ಹೆಸರಿನಲ್ಲಿ ಆರಂಭವಾದ ಮುಕ್ತ ತಂತ್ರಾಂಶ ಮಟೋಮೋವನ್ನು ಸಂಸ್ಥೆಗಳು ತಮ್ಮ ಸರ್ವರ್‌ನಲ್ಲಿಯೇ ನಡೆಸಬಹುದಾದುದರಿಂದ ಮಾಹಿತಿಯನ್ನು ಹೊರಗಿನವರ ಕೈಗೆ ಒಪ್ಪಿಸಬೇಕಾದ ಅಗತ್ಯವಿರುವುದಿಲ್ಲ.

ಓದುಗರೂ ತಮ್ಮ ಪಾತ್ರವನ್ನು ನಿರ್ವಹಿಸಬಹುದು. ಕುಕಿಗಳಿಗೆ ಒಪ್ಪಿಗೆ ಕೇಳುವ ಸೂಚನೆಯನ್ನು ಓದಿ ಅನವಶ್ಯಕವಾದುದನ್ನು ನಿರಾಕರಿಸಬಹುದು. ಪುಟವು ತೆರೆಯದಿದ್ದರೆ, ಭಾಷೆ ಅರ್ಥವಾಗದಿದ್ದರೆ ಮೌನವಾಗಿ ಹಿಂತಿರುಗದೆ, ಜಾಲತಾಣದ ಅಭಿಪ್ರಾಯ ವಿಭಾಗದಲ್ಲಾಗಲಿ ಪತ್ರದ ಮೂಲಕವಾಗಲಿ ತಿಳಿಸಬಹುದು. ಯಂತ್ರದ ದಾಖಲೆಯಲ್ಲಿ ಮೂಡದ ತೊಂದರೆಯು ಸಂಬಂಧಪಟ್ಟವರನ್ನು ತಲುಪಲು ಇದಕ್ಕಿಂತ ನೇರವಾದ ಮಾರ್ಗ ಬೇರೊಂದಿಲ್ಲ.